ತಿರುಗಿ ಬಂದ ಆಣೆ

ದೆವ್ವಕ್ಕೆ ಹೆದರದ ವಕೀಲರು ಇರಬಹುದು. ನಾನು ಆ ಪೈಕಿ ಅಲ್ಲ. ಬನಹಟ್ಟಿಯ ಕೋರ್ಟಿನಲ್ಲಿ ಇಷ್ಟು ವರ್ಷ ಕರಿಕೋಟಿನೊಳಗೆ ಈ ಗುಟ್ಟನ್ನು ಹೇಗೋ ಬಚ್ಚಿಟ್ಟುಕೊಂಡಿದ್ದೆ. ಅದು ಹೊರಬಿದ್ದದ್ದು ಮೂರು ಮೊಳ ಹಿತ್ತಲಿನಿಂದ.

ಆ ಜಾಗದಲ್ಲಿ ಬಚ್ಚಲುಮನೆ ಆಗಲೇಬೇಕೆಂದು ನನ್ನ ಹೆಂಡತಿಯ ಹಟ. ಅದು ತನ್ನದು, ಮಗ್ಗಕ್ಕೇರಿಸುವ ನೂಲಿನ ಹಾಸು ಎಳೆಯಲು ಬೇಕು ಎಂದು ಪಕ್ಕದ ಮನೆಯ ನೇಕಾರ ಮಲ್ಲಪ್ಪಣ್ಣನ ವಾದ. ಇಬ್ಬರ ಬಳಿಯೂ ಕಾಗದವಿಲ್ಲ. ಇದ್ದದ್ದು ಒಂದು ಗಡಿಕಲ್ಲು. ಅದನ್ನು ನಮ್ಮಪ್ಪ ಕಿತ್ತು ಮೂರು ಮೊಳ ಮಲ್ಲಪ್ಪಣ್ಣನ ಕಡೆಗೆ ಸರಿಸಿದ್ದನ್ನು ಕಂಡವನು ನಾನೊಬ್ಬನೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಸಾಕ್ಷಿಯಿಲ್ಲದ ಸತ್ಯವನ್ನು ಅದುಮಿಡುವುದು ನನ್ನ ಕಸುಬೇ ಅಲ್ಲವೆ?

ಅದೇ ಹೊತ್ತಿಗೆ ಜಮಖಂಡಿಯ ಕಾಲೇಜೊಂದರಲ್ಲಿ, ಇಂಗ್ಲಿಷರ ಕಾನೂನು ಮುಟ್ಟದ ಕಡೆ ನ್ಯಾಯ ಹೇಗೆ ಎಂದು ನನ್ನ ಭಾಷಣವಿತ್ತು. ಓದುತ್ತ ಹೋದರೆ ಮಜಾ ಅನಿಸಿತು. ರೋಮಿನವರಲ್ಲಿ, ಫ್ರೆಂಚರಲ್ಲಿ ಪುರಾವೆ ಇಲ್ಲದವನು ಎದುರಾಳಿಗೆ "ನೀನೇ ಆಣೆ ಮಾಡು" ಎನ್ನಬಹುದಂತೆ. ಮಾಡಿದರೆ ಅವನೇ ಗೆದ್ದ. ಮುಸಲ್ಮಾನರ ಶಾಸ್ತ್ರದಲ್ಲಿ ಪುರಾವೆ ಕೊಡುವುದು ಹಕ್ಕು ಕೇಳಿದವನ ಪಾಲು, ಆಣೆ ಮಾಡುವುದು ಅಲ್ಲವೆಂದವನ ಪಾಲು. ನಮ್ಮ ಧರ್ಮಶಾಸ್ತ್ರವಂತೂ ಗಡಿಯ ತಂಟೆಗೆ ತಲೆಯ ಮೇಲೆ ಮಣ್ಣಿಟ್ಟುಕೊಂಡು ಗೆರೆ ನಡೆಯಿರಿ ಎನ್ನುತ್ತದೆ. ಸುಳ್ಳಾದರೆ ಮೂರು ಪಕ್ಷದೊಳಗೆ ಕೇಡು. ಎಲ್ಲ ದೇಶಗಳನ್ನೂ ಕಲಸಿ ನಾನೊಂದು ಉಪಾಯ ಮಾಡಿದೆ. ಮಲ್ಲಪ್ಪಣ್ಣ ದೇವರಿಗೆ ಅಂಜುವ ಮನುಷ್ಯ, ಹಿಂದೆ ಸರಿಯುತ್ತಾನೆ ಎಂದು ನನ್ನ ಲೆಕ್ಕ.

"ಮಲ್ಲಪ್ಪಣ್ಣಾ, ಮಣ್ಣ ಹೊತ್ತು ನಡದ ಬಿಡು. ಜಾಗಾ ನಿಂದ," ಎಂದೆ.

ಅವನು ಗಡಿಕಲ್ಲಿನ ಕಡೆ ನೋಡಿದ. "ನಾ ಒಲ್ಲೆರಿ ವಕೀಲ್ರ. ಕಲ್ಲ ಹುಗಿಯೂವಾಗ ನಾ ನೋಡಿಲ್ಲ. ನೀವ ನಡೀರಿ. ನೀವು ನಡದದ್ದ ಗಡಿ."

ಫ್ರೆಂಚರಲ್ಲಿ ಹೀಗೆ ಆಣೆಯನ್ನು ಮಾಡೆಂದವನಿಗೇ ತಿರುಗಿ ಒಪ್ಪಿಸುವ ಹಕ್ಕಿದೆ ಎಂದೂ ಓದಿದ್ದೆ. ಅದು ಬನಹಟ್ಟಿಯಲ್ಲೂ ನಡೆಯುತ್ತದೆಂದು ಎಣಿಸಿರಲಿಲ್ಲ.

ಮರುದಿನ ಮಟಮಟ ಮಧ್ಯಾಹ್ನ ಒದ್ದೆ ಧೋತರದಲ್ಲಿ ನಿಂತೆ. ಮಲ್ಲಪ್ಪಣ್ಣ ನನ್ನ ತಲೆಯ ಮೇಲೆ ಮಣ್ಣಿಟ್ಟು ಗೋಡೆಯ ಬಳಿ ಸರಿದು ನಿಂತ. ಅಷ್ಟರಲ್ಲಿ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವನಿಗೆ ಅದಿಲ್ಲದ ಹಗಲು ಗೊತ್ತೇ ಇಲ್ಲ. ನಾಲ್ಕು ಹೆಜ್ಜೆ ಇಟ್ಟೆ. ಹಿಂದಿನಿಂದ ಇನ್ನೊಂದು ಹೆಜ್ಜೆ ಕೇಳಿಸಿತು, ಎಡಗಾಲು ಎಳೆದು ಹಾಕುವ ಹೆಜ್ಜೆ. ಅಪ್ಪ ಹಾಗೆ ನಡೆಯುತ್ತಿದ್ದರು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಲೆಯ ಮೇಲಿನ ಮಣ್ಣು ಭಾರವಾಗುತ್ತ ಆಗುತ್ತ ಕುತ್ತಿಗೆ ಹೆಗಲೊಳಗೆ ಇಳಿದುಬಿಟ್ಟಿತು. ಗಡಿಕಲ್ಲು ಎದುರಿಗೇ ಇತ್ತು. ನನ್ನ ಕಾಲು ಮಾತ್ರ ನಮ್ಮ ಮನೆಯ ಕಡೆಗೆ ಹೊರಳಿತು. ಮೂರು ಮೊಳ ಒಳಗೆ, ಕಲ್ಲು ಮೊದಲಿದ್ದ ಜಾಗಕ್ಕೆ ಬಂದು ನಿಂತೆ. ಹಿಂದಿನ ಹೆಜ್ಜೆಯೂ ನಿಂತಿತು.

"ಬಾಳ ಮಣ್ಣ ಹೊರಿಸಿದಿ ಬಿಡಪಾ," ಎಂದೆ ಏದುಸಿರು ಬಿಡುತ್ತ.

"ಒಂದ ಮುಷ್ಟಿ ಇಟ್ಟಿದ್ನಿರಿ," ಎಂದ ಮಲ್ಲಪ್ಪಣ್ಣ. "ಅದೂ ನೀವು ಮೊದಲನೇ ಹೆಜ್ಜಿ ಇಟ್ಟಾಗನ ಉದುರಿ ಬಿತ್ತು."

ಭಾಷಣ ಚೆನ್ನಾಗಿಯೇ ಆಯಿತು. ಆಣೆಯ ಭಾಗವನ್ನು ಮಾತ್ರ ಹಾರಿಸಿದೆ. ಹೆಂಡತಿ ಇಂದಿಗೂ ತಟ್ಟಿಯ ಮರೆಯಲ್ಲೇ ನೀರು ಹಾಕಿಕೊಳ್ಳುತ್ತ ಫ್ರೆಂಚರನ್ನು ಬಯ್ಯುತ್ತಾಳೆ. ನನ್ನ ಕಷ್ಟ ಬೇರೆ. ಕೋರ್ಟಿನಲ್ಲಿ ನನ್ನ ಕಕ್ಷಿದಾರ ಪ್ರಮಾಣ ಮಾಡಿ ಸುಳ್ಳಿಗೆ ಬಾಯಿ ತೆರೆದರೆ ಸಾಕು, ನನ್ನ ಕುತ್ತಿಗೆ ತಾನಾಗಿ ಹೆಗಲೊಳಗೆ ಇಳಿಯುತ್ತದೆ. ಜಡ್ಜ್ ಸಾಹೇಬರು ಈಗ ಸಾಕ್ಷಿಯ ಮುಖ ನೋಡುವುದನ್ನೇ ಬಿಟ್ಟು ನನ್ನನ್ನು ನೋಡುತ್ತ ಕೂರುತ್ತಾರೆ.