ಕನಸು ಬೀಳದಿರಲೆಂದು ಎಚ್ಚರವಿದ್ದ ಹುಡುಗಿ

ಬೆಳಿಗ್ಗೆ ಎದ್ದ ಕೂಡಲೇ ತಮ್ಮ ಕನಸನ್ನು ಹೇಳಲು ಬರುವವರನ್ನು ಕಂಡರೆ ನನಗೆ ಒಳಗೊಳಗೇ ಭಯ. ನನ್ನ ಹೆಂಡತಿಯೂ ಅವರ ಪೈಕಿಯೇ. ಹೊಳಲ್ಕೆರೆಯ ತವರಿನಿಂದ ಪಾತ್ರೆ ಪಗಡೆಯ ಜೊತೆಗೆ ಕನಸು ಕಾಣುವ ಅಭ್ಯಾಸವನ್ನೂ ತಂದವಳು. ಒಮ್ಮೆ ಕನಸಿನಲ್ಲಿ ನಾನು ಅವಳನ್ನು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು, ಒಬ್ಬನೇ ಬಸ್ಸು ಹತ್ತಿ ಕೈ ಬೀಸಿದೆನಂತೆ. "ಬಿಟ್ಟು ಹೋಗಿದ್ದು ಹೋಗ್ಲಿ, ನಗ್ತಾ ಕೈ ಬೀಸಿದ್ರಲ್ಲ!" ಎಂದು ಸಿಟ್ಟಾದಳು. ಅಂದು ಉಪ್ಪಿಟ್ಟಿಗೆ ಉಪ್ಪಿರಲಿಲ್ಲ. "ಅದು ನಿನ್ನ ಮನಸ್ಸಿನ ಕೆಲಸ ಕಣೇ, ನಾನು ಪಕ್ಕದಲ್ಲಿ ಗೊರಕೆ ಹೊಡೀತಿದ್ದೆ" ಎಂದು ವಿವರಿಸಿದ್ದಕ್ಕೆ ಚಟ್ನಿಯೂ ಬರಲಿಲ್ಲ. ಮನೆಯಲ್ಲಿ ಹೀಗೆ ಸೋತವನು ಶಾಲೆಯಲ್ಲೂ ಕನಸಿನ ಪಂಚಾಯಿತಿಗೆ ಕೂರಬೇಕಾಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಭರಮಸಾಗರದಲ್ಲಿ ವಿಜ್ಞಾನದ ಮೇಷ್ಟ್ರು. ಆರನೇ ತರಗತಿಯಲ್ಲಿ ಕೆಂಚಮ್ಮ ಎಂಬ ಚುರುಕು ಹುಡುಗಿಯಿದ್ದಳು. ಅಪ್ಪ ಕುರಿ ಹಿಂಡಿನ ಜೊತೆ ಊರೂರು ತಿರುಗುವವನು, ಅವ್ವ ಕೂಲಿಗೆ ಹೋಗುವವಳು. ಅಂಥ ಹುಡುಗಿ ಇದ್ದಕ್ಕಿದ್ದಂತೆ ತರಗತಿಯಲ್ಲಿ ತೂಕಡಿಸತೊಡಗಿದಳು. ನನ್ನ ಪಾಠಕ್ಕೆ ಮಕ್ಕಳು ತೂಕಡಿಸುವುದು ಹೊಸದೇನಲ್ಲ. ಆದರೆ ಇವಳು ನಿದ್ದೆ ಬಂದಾಗಲೆಲ್ಲ ತನ್ನ ಕೈಯನ್ನು ತಾನೇ ಚಿವುಟಿಕೊಳ್ಳುತ್ತಿದ್ದಳು. ಮೊಣಕೈವರೆಗೂ ಕೆಂಪು ಗುರುತು. ಊಟದ ಬಿಡುವಿನಲ್ಲಿ ಕರೆದು ಕೇಳಿದೆ.

"ನಿದ್ದೆ ಮಾಡಿದ್ರೆ ಕನಸು ಬೀಳ್ತೈತೆ ಸಾರ್" ಎಂದು ತಲೆ ತಗ್ಗಿಸಿದಳು. "ನಮ್ಮ ಗಂಗಿ ಕೆರೆಗೆ ಬಿದ್ದಂಗೆ. ನಾ ಓಡಾಕೆ ಹೋದ್ರೆ ಕಾಲೇ ಬರಲ್ಲ."

ಗಂಗಿ ಅವಳ ತಂಗಿ, ಮೂರು ವರ್ಷದ ಕೂಸು.

"ಕನಸು ತಾನೇ, ಅದಕ್ಕೇಕಮ್ಮ ಹೆದರೋದು?"

"ಕುರಿಮರಿ ಸತ್ತಂಗೆ ಕನಸು ಬಿದ್ದಿತ್ತು ಸಾರ್. ಬೆಳಿಗ್ಗೆ ಸತ್ತೇ ಹೋಗಿತ್ತು. ನಾ ಮಲಗದಿದ್ರೆ ಗಂಗಿಗೆ ಏನೂ ಆಗಲ್ಲ."

ತಂಗಿಯ ಜೀವ ಉಳಿಸಲು ಈ ಪುಟ್ಟ ಹುಡುಗಿ ನಿದ್ದೆ ಬಿಟ್ಟು ಕೂತಿದ್ದಳು. ಅವ್ವನಿಗೆ ಹೇಳೋಣವೆಂದರೆ, "ಹಂಗಾರೆ ಇಸ್ಕೂಲು ಬಿಡು, ಮನ್ಯಾಗೆ ಕೂಸು ನೋಡ್ಕ" ಎಂದುಬಿಡುವಳೆಂಬ ಇನ್ನೊಂದು ಭಯ ಅವಳಿಗೆ.

ಅಂದು ಸಸ್ಯಗಳ ಪಾಠ ಬಿಟ್ಟು, ಯಾರ ಹೆಸರೂ ಎತ್ತದೆ ಕನಸಿನ ಪಾಠ ಮಾಡಿದೆ. "ಕನಸು ಯಾಕೆ ಬೀಳುತ್ತೆ ಅಂತ ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ" ಎಂದು ಶುರು ಮಾಡಿದಾಗ ಮಕ್ಕಳಿಗೆ ಪರಮಾನಂದವಾಯಿತು. ಗೊತ್ತಿಲ್ಲದ್ದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲವಲ್ಲ! "ಎಲ್ಲರೂ ಉಂಡು ಮಲಗಿದ ಮೇಲೆ ಅವ್ವ ಅಡುಗೆಮನೆ ಒಪ್ಪ ಮಾಡೋದಿಲ್ವೇ? ನಾವು ಮಲಗಿದ ಮೇಲೆ ಮಿದುಳೂ ಹಾಗೇ. ಹಗಲು ಕಂಡದ್ದು, ಕೇಳಿದ್ದನ್ನೆಲ್ಲ ಎತ್ತಿಡುತ್ತೆ. ಆಗ ಒಂದಕ್ಕೊಂದು ಬೆರೆತು ಕನಸಾಗಬಹುದು. ನಾವು ಎದ್ದು ನಿಜವಾಗಿ ಓಡಿಬಿಡಬಾರದು ಅಂತ ಆ ಹೊತ್ತು ಕೈಕಾಲನ್ನು ಸಡಿಲ ಬಿಟ್ಟಿರುತ್ತೆ. ಯಾವುದರ ಚಿಂತೆ ಜಾಸ್ತಿಯೋ ಅದೇ ಮತ್ತೆ ಮತ್ತೆ ಬರುತ್ತೆ."

"ಹಂಗಾರೆ ಕನಸು ನಿಜ ಆಗಲ್ವಾ ಸಾರ್?" ಎಂದು ಯಾರೋ ಕೇಳಿದರು. "ನೀವೇ ಹೇಳಿ" ಎಂದೆ. ಒಬ್ಬನಿಗೆ ದಿನಾ ಬಾಡೂಟದ ಕನಸು, ಎದ್ದರೆ ಅದೇ ಮುದ್ದೆ, ಅದೇ ಹುರುಳಿ ಸಾರು. ಒಬ್ಬಳು ಹಾರಿಕೊಂಡು ಚಿತ್ರದುರ್ಗದ ಕೋಟೆಗೆ ಹೋಗಿ ಬಂದಿದ್ದಳು. ಇನ್ನೊಬ್ಬ ಎದ್ದು ನಿಂತು, "ನೀವು ಕತ್ತೆ ಮ್ಯಾಲೆ ಕುಂತು ಇಸ್ಕೂಲಿಗೆ ಬಂದ್ರಿ ಸಾರ್" ಎಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಕೆಂಚಮ್ಮನೂ ನಕ್ಕಳು. ಅದನ್ನು ನೋಡಿ ಕತ್ತೆ ಸವಾರಿಯೂ ಸಾರ್ಥಕವೆನಿಸಿತು.

ಆಮೇಲೆ ಅವಳನ್ನು ಮೆಲ್ಲಗೆ ಕೇಳಿದೆ: "ಆ ಕುರಿಮರಿಗೆ ಮೊದಲೇ ಹುಷಾರಿರಲಿಲ್ವೇನಮ್ಮ?"

"ಹೂಂ ಸಾರ್, ಮೇವೇ ಮುಟ್ತಿರ್ಲಿಲ್ಲ."

"ನಿನಗೆ ಅದರ ಚಿಂತೆಯಿತ್ತು, ಕನಸು ಬಿತ್ತು. ಗಂಗಿ ಮೇಲೆ ನಿನಗೆ ಪ್ರಾಣ. ಅದಕ್ಕೇ ಮಲಗಿದ ಮೇಲೂ ನಿನ್ನ ಮಿದುಳು ಅವಳನ್ನೇ ಕಾಯ್ತಿದೆ."

ಅವಳು ಅಂದಳು: "ಹಗಲೊತ್ತು ಯಾರು ಕಾಯ್ತಾರೆ ಸಾರ್? ಅಜ್ಜಿಗೆ ಕಣ್ಣು ಕಾಣಲ್ಲ. ಮನೆ ಕೆರೆ ಪಕ್ಕದಾಗೇ ಐತೆ."

ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು. ಸಂಜೆ ಅವರ ಮನೆಗೆ ಹೋದೆ. ಕಳೆ ತೆಗೆದು ಆಗಷ್ಟೇ ಬಂದಿದ್ದ ಅವ್ವ, "ಕುಂತ್ಕಳ್ರಿ ಸಾರ್" ಎಂದು ಚಾಪೆ ಹಾಸಿದಳು. ಮಗಳ ಕೈ ತೋರಿಸಿದೆ. ಅವ್ವ ಆ ಕೈಯನ್ನು ಹಿಡಿದು ಕೆಂಪು ಗುರುತುಗಳ ಮೇಲೆ ಬೆರಳಾಡಿಸಿದಳು. "ನಂಗೊಂದು ಮಾತು ಹೇಳಬಾರದೇನೇ?" ಎಂದು ಕಣ್ಣೊರೆಸಿಕೊಂಡಳು. ಗಂಗಿಯನ್ನೂ ಶಾಲೆಗೆ ಕಳಿಸಿ ಎಂದು ನಾನೇ ಹೇಳಿದೆ. ಮರುದಿನ ಹೆಡ್ಮೇಷ್ಟ್ರು ಹಣೆ ಒತ್ತಿಕೊಂಡು, "ಆಯ್ತು, ಅತ್ತರೆ ನೀವೇ ಎತ್ಕಂಡು ತಿರುಗ್ರಿ" ಎಂದು ಒಪ್ಪಿದರು.

ಗಂಗಿ ಅಳಲಿಲ್ಲ. ಅಕ್ಕನ ಪಕ್ಕ ಕೂತು ಬಳಪ ತಿಂದಳು. ಒಂದೇ ವಾರದಲ್ಲಿ ಕೆಂಚಮ್ಮನ ಮುಖಕ್ಕೆ ಕಳೆ ಬಂತು. ಕನಸಿನಲ್ಲಿ ಈಗ ಗಂಗಿ ಬಳಪ ಕೇಳಿಕೊಂಡು ಬರುತ್ತಾಳಂತೆ. ಒಂದು ಮಧ್ಯಾಹ್ನ ನಾನು ಪಾಠ ಶುರು ಮಾಡುತ್ತಿದ್ದಂತೆ ಗಂಗಿ ಅಕ್ಕನ ತೊಡೆಯ ಮೇಲೆ ಮಲಗಿಬಿಟ್ಟಳು. ಕೆಂಚಮ್ಮ ಮನಸಾರೆ ಹೇಳಿದಳು: "ಮನ್ಯಾಗೆ ಎಷ್ಟು ತಟ್ಟಿದ್ರೂ ಮಲಗಲ್ಲ ಸಾರ್. ನೀವು ಪಾಠ ಶುರು ಮಾಡಿದ್ರೆ ಸಾಕು."

ಅವಳ ದನಿಯಲ್ಲಿ ಬರೀ ಕೃತಜ್ಞತೆ. ಅಷ್ಟರಲ್ಲಿ ಗಂಗಿ ನಿದ್ದೆಯಲ್ಲೇ ನಕ್ಕಳು. "ಕನಸು ಬಿದ್ದೈತೆ!" ಎಂದು ಮಕ್ಕಳೆಲ್ಲ ಅವಳತ್ತ ಬಾಗಿದರು. ನಾನು ದನಿ ತಗ್ಗಿಸಿ ಪಾಠ ಮುಂದುವರಿಸಿದೆ. ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದು ತಿರುಗಿ ನೋಡಿದರೆ, ಹಿಂದಿನ ಸಾಲಿನ ಇನ್ನಿಬ್ಬರು ಮಲಗಿದ್ದರು.