ಅವಲಂಬಿತ ಗಂಡನ ಸಂದರ್ಶನ

ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಇದನ್ನು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತಾರೆ. ಬಾಯಿ ತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ನನ್ನ ಅಜ್ಜಿಯಂತೂ ಅಂಗಳದಿಂದ ತಿರುಗಿ ಬಂದು, ಒಂದು ಲೋಟ ನೀರು ಕುಡಿದು, ಕೇಳಿದವನಿಗೆ ಮನಸಾರೆ ಬೈದು, ಮತ್ತೆ ಹೊಸದಾಗಿ ಹೊರಡುತ್ತಿದ್ದರು. ತೀರಾ ತಡೆಯಲಾಗದವರು "ದೂರವಾ?" ಎಂದು ಕೇಳಬಹುದು. ಅದಕ್ಕೆ ಉತ್ತರವೂ ನಿಗದಿಯಾಗಿದೆ: "ಇಲ್ಲೇ ಸ್ವಲ್ಪ." ಕಬಕದಲ್ಲಿ ಬಸ್ಸಿಗೆ ಕಾಯುವವನೂ ಇಲ್ಲೇ ಸ್ವಲ್ಪ ಹೋಗುವವನೇ, ಹಗ್ಗ ಬಿಗಿದ ಪೆಟ್ಟಿಗೆಗಳನ್ನು ಜೀಪಿಗೆ ಹೇರಿ ವಿಮಾನ ನಿಲ್ದಾಣಕ್ಕೆ ಹೊರಟವನೂ ಇಲ್ಲೇ ಸ್ವಲ್ಪ ಹೋಗುವವನೇ. ಇಂಥ ನಮಗೂ ವೀಸಾ ಕಚೇರಿಗೂ ಹೇಗೆ ಸರಿ ಹೋಗಬೇಕು, ನೀವೇ ಹೇಳಿ. ಎಲ್ಲಿಗೆ, ಯಾಕೆ, ಯಾರ ಜೊತೆ, ಯಾವಾಗ ವಾಪಸು? ಅಪಶಕುನವನ್ನೇ ಉದ್ಯೋಗ ಮಾಡಿಕೊಂಡ ಮಂದಿ ಅವರು.

ಈ ಚಿಂತನೆಗೆಲ್ಲ ಕಾರಣ ನನ್ನ ಹೆಂಡತಿ ವಸಂತಿ. ಕೊಲ್ಲಮೊಗ್ರಿನಲ್ಲಿ ಹುಟ್ಟಿ, ನರ್ಸಿಂಗ್ ಕಲಿತು, ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ದುಡಿಯುತ್ತಿರುವವಳು. ಕಳೆದ ವರ್ಷದಿಂದ ಅವಳು ತೆಂಗಿನಕಾಯಿ ತುರಿಯುವಾಗಲೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗಂಟಲಿನಿಂದ ವಿಚಿತ್ರ ಸದ್ದು ಹೊರಡಿಸುತ್ತಿದ್ದಳು. ಶೀತ ಎಂದುಕೊಂಡು ನಾನು ಎರಡು ಸಲ ಕಷಾಯವನ್ನೂ ಮಾಡಿಕೊಟ್ಟಿದ್ದೆ. ಅದು ಶೀತವಲ್ಲ, ಪರದೇಶದ ಭಾಷೆ. ನನಗೆ ತಿಳಿಯುವ ಮೊದಲೇ ಅವಳು ಪರೀಕ್ಷೆ ಪಾಸು ಮಾಡಿ, ಅಲ್ಲಿನ ಆಸ್ಪತ್ರೆಯವರು ಫೋನಿನಲ್ಲೇ ಸಂದರ್ಶನ ಮಾಡಿ, ಕೆಲಸ ಕೊಟ್ಟದ್ದೂ ಆಯಿತು. ಬಾಕಿ ಇದ್ದದ್ದು ವೀಸಾ ಮಾತ್ರ. ಯಾವ ದೇಶ ಎಂದು ಕೇಳಬೇಡಿ, ಹೇಳಲಾರೆ. ಇಲ್ಲೇ ಸ್ವಲ್ಪ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಷ್ಟ್ರು. ತರಗತಿಯಲ್ಲಿ ಮಕ್ಕಳು ಕೇಳುವುದಿಲ್ಲವಾದ್ದರಿಂದ ದರ್ಬೆಯ ಬಾಬಣ್ಣನ ಸೆಲೂನಿನಲ್ಲಿ ಭಾನುವಾರ ಬೆಳಗ್ಗೆ ಪಾಠ ಮಾಡುವುದು ನನ್ನ ವಾಡಿಕೆ. ವಿಷಯ ವೀಸಾ ಆದರಂತೂ ನನಗೆ ಹಬ್ಬ. ಸುಳ್ಯ ಕಡೆಯ ಪದ್ಮಯ್ಯ ಗೌಡರು ನನ್ನ ಖಾಯಂ ಎದುರಾಳಿ. "ಕಸುಬು ಗೊತ್ತಿದ್ದವ ಎಲ್ಲಿ ಬೆಲೆ ಉಂಟೋ ಅಲ್ಲಿಗೆ ಹೋಗುದು ಮಾರಾಯ್ರೆ, ಅದ್ರಲ್ಲಿ ಎಂತ ತಪ್ಪು?" ಎನ್ನುವುದು ಅವರ ವಾದ. ದೇಶದ ಅನ್ನ ತಿಂದು ಕಲಿತವರು ದೇಶಕ್ಕೇ ದುಡಿಯಬೇಕು, ಹೊರಗಿನ ದೇಶದವರು ಬಾಗಿಲು ಬಿಗಿ ಮಾಡುತ್ತಿರುವುದೇ ಒಳ್ಳೆಯದು ಎನ್ನುವುದು ನನ್ನದು. ಒಂದು ಭಾನುವಾರ ಮಾತಿನ ಅಮಲಿನಲ್ಲಿ ಇನ್ನೂ ಮುಂದೆ ಹೋದೆ. "ಕೆಲಸಕ್ಕೆ ಹೋಗುವವರದ್ದಾದ್ರೂ ಇರ್ಲಿ. ಹೆಂಡತಿಯ ಸೆರಗು ಹಿಡಿದು ಹೋಗುವ ಗಂಡಂದಿರು ಉಂಟಲ್ಲ, ಅವಲಂಬಿತರು ಅಂತ? ಅಂಥವರಿಗೆ ವೀಸಾ ಯಾಕೆ ಕೊಡ್ಬೇಕು?" ಬಾಬಣ್ಣ ಕತ್ತರಿ ನಿಲ್ಲಿಸಿ ನಕ್ಕ. ಗೆದ್ದ ಖುಷಿಯಲ್ಲಿ ಮನೆಗೆ ಬಂದರೆ ವಸಂತಿ ಊಟ ಬಡಿಸುತ್ತಾ, "ನನಗೆ ಅಲ್ಲಿ ಕೆಲಸ ಆಯ್ತು. ನೀವು ಬರುದಾದ್ರೆ ಡಿಪೆಂಡೆಂಟ್ ಅಂತ ಹಾಕ್ಬೇಕು" ಎಂದಳು. ಸಾರು ನೆತ್ತಿಗೇರಿತು.

ಅಂದಿನಿಂದ ಮನೆಯಲ್ಲಿ ಉಸಿರು ಬಿಗಿಹಿಡಿದ ವಾತಾವರಣ. ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ ನೆಮ್ಮದಿಯಾಗಿದ್ದಾಳೆ, ಅವಳ ವಿಷಯದಲ್ಲಿ ನಮಗೆ ತಕರಾರಿಲ್ಲ. ತಕರಾರು ಇರುವುದು ಆ ದೇಶದ ಸರಕಾರದವರ ಜೊತೆ. ಅವರು ಬೆಳಗ್ಗೆ ಒಂದು ಹೇಳಿ ಸಂಜೆ ಒಂದು ಹೇಳುತ್ತಾರೆ. ಸಂಗಾತಿಗಳಿಗೆ ಅವಕಾಶ ಎಂದು ಒಂದು ದಿನ, ಮರುಪರಿಶೀಲನೆ ಎಂದು ಮರುದಿನ. ವಸಂತಿಯ ಜೊತೆ ಕೆಲಸಕ್ಕಿದ್ದ ಕಡಬದ ಲಿಸ್ಸಿ ಹೀಗೆಯೇ ಬೇರೊಂದು ದೇಶಕ್ಕೆ ಮೊದಲು ಹೋದಳು. ಗಂಡ ಹಿಂದಿನಿಂದ ಹೊರಡುವಷ್ಟರಲ್ಲಿ ನಿಯಮ ಬದಲಾಯಿತು. ಆ ಮನುಷ್ಯ ಈಗಲೂ ಕಡಬದಲ್ಲಿ ಮೀನು ಸಾರು ಮಾಡಿ ವಿಡಿಯೋ ಕಾಲಿನಲ್ಲಿ ಹೆಂಡತಿಗೆ ತೋರಿಸುತ್ತಾನೆ. ಸಂತೆಯಲ್ಲಿ ಅವನನ್ನು ಕಂಡಾಗಲೆಲ್ಲ ನಾನು ದಾರಿ ಬದಲಿಸುತ್ತೇನೆ. ಹೋಗಲು ಮನಸ್ಸಿಲ್ಲ ಎಂದು ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಆದರೆ ಬಿಟ್ಟು ಹೋದಾಳು ಎನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಇದರ ಮೇಲೆ ಬಾಯಿಗೆ ಬೀಗ ಬೇರೆ. ವೀಸಾ ಕೈಗೆ ಬರುವ ತನಕ ಯಾರಿಗೂ ಹೇಳಬಾರದು, ಕಣ್ಣು ತಾಗುತ್ತದೆ ಎಂದು ವಸಂತಿಯ ಕಟ್ಟಪ್ಪಣೆ. ಮುಂದಿನ ಭಾನುವಾರ ಪದ್ಮಯ್ಯ ಗೌಡರು ಪೇಪರ್ ಮಡಚಿ ತೊಡೆಗೆ ಬಡಿದು, "ನೋಡಿ ಮಾಷ್ಟ್ರೆ, ನಿಮ್ಮ ಆಸೆಯಂತೆ ಇನ್ನೊಂದು ದೇಶ ಬಾಗಿಲು ಹಾಕ್ತದಂತೆ!" ಎಂದಾಗ ನನ್ನ ಜೀವ ಬಾಯಿಗೆ ಬಂತು. "ಯಾವ ದೇಶ?" ಎಂದು ಕಿರುಚಿ, ಅರ್ಧ ಸೋಪು ಹಚ್ಚಿದ ಮುಖದಲ್ಲೇ ಎದ್ದು ಪೇಪರ್ ಕಿತ್ತುಕೊಂಡೆ. ನಮ್ಮದಲ್ಲ. ಕುಳಿತ ಮೇಲೆ, "ಪಾಪ, ಗಂಡಂದಿರೂ ಮನುಷ್ಯರೇ ಅಲ್ವಾ? ಅವರಿಗೂ ಸ್ವಲ್ಪ ರಿಯಾಯಿತಿ ಬೇಕು" ಎಂದೆ. ಗೌಡರು ನನ್ನನ್ನು ಕನ್ನಡಿಯೊಳಗೆ ದಿಟ್ಟಿಸಿ, "ಎಂತ ಮಾಷ್ಟ್ರೆ, ಮನೆಯಲ್ಲಿ ಯಾರಾದ್ರೂ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಅವರೂ ಈ ಕಡೆಯವರೇ ತಾನೆ, ಮುಂದೆ ಕೇಳಬಾರದೆಂದು ಗೊತ್ತಿದೆ.

ಸಂದರ್ಶನದ ದಿನ ಗೊತ್ತಾಯಿತು. ನಮ್ಮ ವೀಸಾ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್, ಮನೆಯಲ್ಲೇ ಪ್ರಶ್ನೋತ್ತರ ರೂಢಿ ಮಾಡಿಸಿ ಎಂದಿದ್ದ. ಅಧಿಕಾರಿಯ ಪಾತ್ರ ನಾನೇ ವಹಿಸಿಕೊಂಡೆ, ಪ್ರಶ್ನೆ ಕೇಳುವುದು ಹೇಗಿದ್ದರೂ ನನ್ನ ಕಸುಬು. ಮಧ್ಯಾಹ್ನ ಲುಂಗಿ ಬಿಚ್ಚಿ ಪ್ಯಾಂಟು ಹಾಕಿ, ಊಟದ ಮೇಜಿನ ಹಿಂದೆ ಕುಳಿತೆ. ವಸಂತಿ ಸೀರೆ ಸರಿಮಾಡಿಕೊಂಡು ಬಂದು ನಿಂತಳು. "ಎಲ್ಲಿಗೆ ಹೋಗುತ್ತಿದ್ದೀರಿ?" ಎಂದು ಗಡಸಾಗಿ ಕೇಳಿದೆ. ಅವಳ ಬಾಯಿಂದ ಹೊರಬಿದ್ದದ್ದು, "ಇಲ್ಲೇ ಸ್ವಲ್ಪ." ಕೊಲ್ಲಮೊಗ್ರಿನ ಅಭ್ಯಾಸ, ಮಾಡುವುದೇನು? ಒಳಗೆ ಹೋಗಿ ನೀರು ಕುಡಿದು ಬಾ ಎಂದು ಕಳಿಸಿದೆ. ಎರಡನೆಯ ಸಲ ಊರಿನ ಹೆಸರು ಹೇಳಿದಳು, ಆದರೆ ಹೇಳಿದ ಮೇಲೆ ಮೆಲ್ಲಗೆ ಮೇಜಿನ ಮರ ಮುಟ್ಟಿದಳು.

"ನಿಮ್ಮ ದೇಶ ಬಿಟ್ಟು ಯಾಕೆ ಹೋಗುತ್ತೀರಿ?" ಇದು ಏಜೆಂಟ್ ಹೇಳಿಕೊಟ್ಟ ಪ್ರಶ್ನೆ. ಆದರೆ ಬಾಯಿಂದ ಹೊರಟ ಮೇಲೆ, ಒಂದು ತಿಂಗಳಿನಿಂದ ಗಂಡನಾಗಿ ಕೇಳಲು ಧೈರ್ಯ ಬಾರದೆ ನುಂಗಿಕೊಂಡಿದ್ದ ಪ್ರಶ್ನೆಯೂ ಇದೇ ಎಂದು ಹೊಳೆಯಿತು. ವಸಂತಿ ನನ್ನ ಮುಖ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳುವವಳಂತೆ ಹೇಳಿದಳು.

"ಸರ್, ದುಡ್ಡಿಗೆ ಅಂತ ಹೇಳಿದ್ರೆ ಸುಳ್ಳಲ್ಲ. ಆದ್ರೆ ಅದೊಂದೇ ಅಲ್ಲ. ಆ ಆಸ್ಪತ್ರೆಯವರು ಫೋನಲ್ಲಿ ಅರ್ಧ ಗಂಟೆ ನನ್ನ ಕೆಲಸದ ಬಗ್ಗೆಯೇ ಕೇಳಿದ್ರು. ರೋಗಿಗೆ ಇದ್ದಕ್ಕಿದ್ದ ಹಾಗೆ ಬಿ.ಪಿ. ಬಿದ್ರೆ ಎಂತ ಮಾಡ್ತೀರಿ, ಹೆದರಿದವರನ್ನು ಹೇಗೆ ಸಮಾಧಾನ ಮಾಡ್ತೀರಿ, ಅಂತೆಲ್ಲ. ನಾನು ಹೇಳಿದ್ದನ್ನು ಬರ್ಕೊಂಡ್ರು ಸರ್. ಇಷ್ಟು ವರ್ಷದಲ್ಲಿ ನನ್ನ ಕೆಲಸ ಎಂತದ್ದು ಅಂತ ಯಾರೂ ಕೇಳಿದ್ದಿಲ್ಲ. ಅದಕ್ಕೆ ಹೋಗುದು."

ಅಧಿಕಾರಿಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಕೊನೆಗೆ, "ಗಂಡನಿಗೆ ವೀಸಾ ಸಿಗದಿದ್ದರೆ?" ಎಂದೆ. "ಅದು ನಿಮ್ಮ ರೂಲ್ಸ್ ಸರ್, ನನ್ನ ಕೈಯಲ್ಲಿ ಇಲ್ಲ. ಅವರಿಗೆ ಬರ್ಲಿಕ್ಕೆ ಮನಸ್ಸುಂಟಾ ಅಂತಲೂ ನನಗೆ ಗೊತ್ತಿಲ್ಲ. ಸೆಲೂನಿನಲ್ಲಿ ಬೇರೆಯೇ ಹೇಳ್ತಾರಂತೆ." ನನ್ನ ಭಾಷಣದ ಸುದ್ದಿ ದರ್ಬೆಯಿಂದ ನಮ್ಮ ಅಡುಗೆಮನೆಗೆ ತಲುಪದೆ ಇರುತ್ತದೆಯೆ?

ಅಷ್ಟು ಹೇಳಿ ಅವಳು ಮೇಜಿನ ಈಚೆ ಬಂದಳು. "ಏಳಿ, ಈಗ ನಿಮ್ಮ ಸರದಿ. ಅವಲಂಬಿತರಿಗೂ ಕೇಳ್ತಾರಂತೆ, ಮದುವೆ ನಿಜವಾ ಸುಳ್ಳಾ ಅಂತ." ನಾನು ಎದ್ದು ಕೈಕಟ್ಟಿ ನಿಂತೆ. "ಹೆಂಡತಿ ಎಲ್ಲಿ ಕೆಲಸ ಮಾಡುದು?" "ಆಸ್ಪತ್ರೆಯಲ್ಲಿ." "ಆಸ್ಪತ್ರೆಯಲ್ಲಿ ಎಲ್ಲಿ?" ನಾನು ಎದೆಯುಬ್ಬಿಸಿ, "ಹೆರಿಗೆ ವಾರ್ಡಿನಲ್ಲಿ" ಎಂದೆ. "ಅದು ಮಗಳು ಹುಟ್ಟುದಕ್ಕೆ ಮುಂಚೆ. ಈಗ ಡಯಾಲಿಸಿಸ್." ಅಲ್ಲಿ ಅವಳು ಮಾಡುವ ಕೆಲಸ ಏನು, ಯಾವುದು ಕಷ್ಟ, ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತಾ ಹೋದಳು. ನಾನು ಕೊನೆಯ ಬೆಂಚಿನ ಹುಡುಗರ ಹಾಗೆ ಸೂರು ನೋಡುತ್ತಾ ಹೋದೆ. ಕಡೆಗೆ ಊರಿನ ಸಂಪ್ರದಾಯವನ್ನೇ ಗುರಾಣಿ ಮಾಡಿಕೊಂಡೆ. "ನೀನು ಡ್ಯೂಟಿಗೆ ಹೊರಟಾಗ ಕೇಳಬಾರದು ಅಂತಲ್ವಾ ನಾನು ಸುಮ್ಮನಿದ್ದದ್ದು? ಹೊರಟವರನ್ನು ಕೇಳಬಾರದು."

"ಹೊರಟವರನ್ನು ಕೇಳಬಾರದು, ಸರಿ," ಎಂದಳು ವಸಂತಿ. "ವಾಪಸು ಬಂದವರನ್ನು ಕೇಳಬಾರದು ಅಂತ ಎಲ್ಲಿ ಉಂಟು?"

"ಮದುವೆ ಸಾಬೀತಾಗಲಿಲ್ಲ. ರಿಜೆಕ್ಟ್" ಎಂದು ಅವಳು ಚಾ ಇಡಲು ಹೋದಳು. ವೀಸಾ ನಿಯಮದ ಬಗ್ಗೆ ಊರಿಗೆಲ್ಲ ಪಾಠ ಹೇಳಿದವನು, ಮನೆಯ ಊಟದ ಮೇಜಿನಲ್ಲೇ ತಿರಸ್ಕೃತನಾಗಿ ನಿಂತೆ. ಮೇಲ್ಮನವಿ ಸಲ್ಲಿಸೋಣವೆಂದರೆ, ಆ ಅಧಿಕಾರಿಯ ತೀರ್ಪಿನಲ್ಲಿ ಒಂದು ತಪ್ಪೂ ಕಾಣಲಿಲ್ಲ. ನಿಜ ಹೇಳುತ್ತೇನೆ, ಬಹಳ ಬೇಸರವಾಯಿತು.

ಅಸಲಿ ಸಂದರ್ಶನಗಳೂ ಮುಗಿದಿವೆ, ಉತ್ತರ ಇನ್ನೂ ಬಂದಿಲ್ಲ. ಯಾರಿಗೆ ಸಿಗುತ್ತದೆ, ಯಾರಿಗಿಲ್ಲ ಎಂದು ಫೋನ್ ಟಿಂಗ್ ಎಂದಾಗಲೆಲ್ಲ ಇಬ್ಬರೂ ಬೆಚ್ಚುತ್ತೇವೆ. ಆದರೆ ಆ ಊಟದ ಮೇಜಿನ ಸಂದರ್ಶನದ ಮರುದಿನ ಸಂಜೆ ವಸಂತಿ ಡ್ಯೂಟಿ ಮುಗಿಸಿ ಬಂದಾಗ ನಾನು ಬಾಗಿಲಲ್ಲೇ ಕಾದು ನಿಂತಿದ್ದೆ. ಬ್ಯಾಗು ತೆಗೆದುಕೊಂಡು, "ಇವತ್ತು ಕೆಲಸ ಹೇಗಿತ್ತು?" ಎಂದು ಕೇಳಿದೆ. ಅವಳು ಚಪ್ಪಲಿ ಬಿಚ್ಚುವುದನ್ನು ಅರ್ಧಕ್ಕೆ ಬಿಟ್ಟು ಹತ್ತಿರ ಬಂದಳು. ನನ್ನ ಹಣೆ ಮುಟ್ಟಿ ನೋಡಿದಳು, ಮಣಿಕಟ್ಟು ಹಿಡಿದು ನಾಡಿ ನೋಡಿದಳು.

"ಜ್ವರ ಎಂತ ಇಲ್ಲ," ಎಂದಳು, ಇನ್ನೂ ಅನುಮಾನದಿಂದಲೇ.