ಬಿರುಗಾಳಿಗೆ ಅಡ್ಡ ನಿಂತ ತಲೆಗಳು

ಗಡಿಯಾರ ರಿಪೇರಿಯವನು ಅಂದು ಬೆಳಿಗ್ಗೆ ಹೆಂಡತಿಯ ಮುಂದೆ ಬಾಯಿ ಬಿಡಬಾರದಿತ್ತು. "ಇವತ್ತು ನಮ್ಮ ತಾರಸಿ ಟೀವೀಲಿ ಬರುತ್ತೆ ಕಣೇ" ಎಂದುಬಿಟ್ಟ. ಅವಳು ಪಾತ್ರೆ ತೊಳೆಯುತ್ತಲೇ ಆ ಮಾತನ್ನು ಪಕ್ಕದ ಮನೆಗೆ ದಾಟಿಸಿದಳು.

ಹೇಳಿದ್ದು ಸುಳ್ಳಲ್ಲ. ಮೂರಂತಸ್ತಿನ ಕಟ್ಟಡದ ತಾರಸಿಯಲ್ಲಿ ಅವನು ಆಕಾಶಕ್ಕೆ ಮುಖ ಮಾಡಿ ಕಂಬಕ್ಕೆ ಕ್ಯಾಮರಾ ಕಟ್ಟಿ ಮೂರು ವರ್ಷವಾಗಿತ್ತು. ಅದರ ಚಿತ್ರವನ್ನು ಗುಡ್ಡದ ಮೇಲಿನ ರಿಪೀಟರ್ ಯಂತ್ರ ರೇಡಿಯೋ ಅಲೆಯಲ್ಲಿ ಹಿಡಿದು ಮತ್ತೆ ಬಿತ್ತರಿಸುತ್ತಿತ್ತು. ಅವನಂಥ ಹತ್ತಾರು ರೇಡಿಯೋ ಹುಚ್ಚರು, ಜೊತೆಗೆ ಪ್ರವಾಹ ನಿಯಂತ್ರಣ ಕೊಠಡಿಯವರು ಅದನ್ನು ನೋಡುತ್ತಿದ್ದರು. ಮೋಡ ಕಾಯುವ ಈ ಕೆಲಸಕ್ಕೆ ಸಂಬಳವಿಲ್ಲ, ಮರ್ಯಾದೆಯೂ ಇಲ್ಲ. ಒಮ್ಮೆ ಮಾತ್ರ "ಬಿರುಗಾಳಿ!" ಎಂದು ಕೂಗಿದ್ದ. ಹತ್ತಿರ ಬಂದಾಗ ಅದು ಕಾಗೆಗಳ ಹಿಂಡಾಗಿತ್ತು.

ಇಂದು ಮಾತ್ರ ಕೊಠಡಿಯ ಮೇಡಂ ವೈರ್‌ಲೆಸ್‌ನಲ್ಲಿ ಖುದ್ದಾಗಿ ಹೇಳಿದ್ದರು: "ಪಶ್ಚಿಮದ ಆಕಾಶ ತೋರಿಸ್ತಾ ಇರಿ. ನಾಲೆ ಬೀದಿ ಖಾಲಿ ಮಾಡಿಸ್ಬೇಕೋ ಬೇಡ್ವೋ ಅಂತ ನಿಮ್ಮ ಚಿತ್ರ ನೋಡೇ ತೀರ್ಮಾನ ಮಾಡ್ತೀವಿ."

ನಾಲೆ ಬೀದಿ ಇದ್ದದ್ದು ಅವನ ಕಟ್ಟಡದ ಹಿಂದಿನ ತಗ್ಗಿನಲ್ಲಿ. ಇಪ್ಪತ್ತು ಹೆಂಚಿನ ಮನೆಗಳು.

ಮಧ್ಯಾಹ್ನ ಅವನು ತಾರಸಿ ಹತ್ತಿ ನೋಡಿದ. ಕಟ್ಟಡದ ಬಾಡಿಗೆದಾರರೆಲ್ಲ ಪೌಡರ್ ಬಳಿದುಕೊಂಡು ಕ್ಯಾಮರಾದ ಮುಂದೆ ಗುಂಪು ಫೋಟೋಗೆ ನಿಂತವರಂತೆ ಹಲ್ಲು ಕಿರಿಯುತ್ತಿದ್ದರು. ಮುಂಚೂಣಿಯಲ್ಲಿ ರೈಲ್ವೆಯಿಂದ ನಿವೃತ್ತನಾದ ಟಿಕೆಟ್ ಮಾವ.

"ಮಾವ, ಪಕ್ಕಕ್ಕೆ ಸರೀರಿ! ಮೋಡ ಕಾಣ್ಬೇಕು!"

"ಮೋಡ ದಿನಾ ಇರುತ್ತಪ್ಪ. ನಾವು ದಿನಾ ಟೀವೀಲಿ ಬರ್ತೀವಾ? ನನ್ನ ಎಡಗೆನ್ನೆ ಚೆನ್ನಾಗಿದೆ, ಈ ಕಡೆಯಿಂದ ತೋರ್ಸು."

ಅವರ ಬೆನ್ನ ಹಿಂದೆ ಆಕಾಶ ಸುಟ್ಟ ಬಾಣಲೆಯ ತಳದಂತೆ ಕಪ್ಪಾಗುತ್ತಿತ್ತು. ಅವನು ಮೈಕು ಹಿಡಿದು ಕೂಗಿದ: "ಮೇಡಂ, ಬಿರುಗಾಳಿ! ಬೀದಿ ಖಾಲಿ ಮಾಡ್ಸಿ!"

"ಎಲ್ಲಿದೆ ರೀ? ಬರೀ ತಲೆ ಕಾಣ್ತಿವೆ. ಎಲ್ಲಾ ನಗ್ತಿದಾರೆ, ಒಬ್ಬಮ್ಮ ಜಡೆ ಹಾಕ್ಕೊಳ್ತಿದಾರೆ. ಅಪಾಯ ಇಲ್ಲ ಅಂತ ಬರ್ಕೊಂಡಿದೀವಿ. ಹೋದ ಸಲದ ಕಾಗೆ ನೆನಪಿದೆ ತಾನೇ?"

ಅವನು ಕೈಮುಗಿದ, ಗದರಿದ, ಒಬ್ಬಿಬ್ಬರನ್ನು ತಳ್ಳಿಯೂ ನೋಡಿದ. ತಳ್ಳಿದಷ್ಟೂ ಜನ ಒತ್ತಿಕೊಂಡರು. ಟಿಕೆಟ್ ಮಾವ ಹಿಂದಿನ ಗೋಡೆಯ ಮೇಲಿಂದ ಕೆಳಕ್ಕೆ ಬಾಗಿ ಯಾರನ್ನೋ ಕೂಗುತ್ತಿದ್ದ. ಇನ್ನು ಇವರನ್ನು ನಂಬಿ ಕೂತರೆ ಆಗದೆಂದು ಅವನೇ ಕೆಳಗಿಳಿದು ಮುಂಬಾಗಿಲಿಂದ ಹೊರಬಿದ್ದ. ಅಂಗಡಿ ಸಾಲು ಸುತ್ತಿಕೊಂಡು ನಾಲೆ ಬೀದಿ ಮುಟ್ಟುವಷ್ಟರಲ್ಲಿ ಗಾಳಿ ಹೆಂಚುಗಳನ್ನು ಹಪ್ಪಳದಂತೆ ಹಾರಿಸುತ್ತಿತ್ತು.

ಬಾಗಿಲು ಬಾಗಿಲು ಬಡಿದ. "ಎದ್ದೇಳ್ರೋ! ನೀರು ಬರ್ತಿದೆ!" ಒಂದೂ ತೆರೆಯಲಿಲ್ಲ. ಎಲ್ಲರೂ ಊಟ ಮಾಡಿ ಮಲಗಿದ್ದಾರೆಂದುಕೊಂಡ. ಅಷ್ಟರಲ್ಲಿ ನಾಲೆಯ ಏರಿ ಒಡೆದು ನೀರು ಸೊಂಟ ಮುಟ್ಟಿತು. ಇಪ್ಪತ್ತು ಮನೆಗಳೂ ಅವನ ಕಣ್ಣೆದುರೇ ಮುಳುಗಿದವು. ಲೈಟು ಕಂಬ ಹತ್ತಿ, ಅದನ್ನೇ ತಬ್ಬಿಕೊಂಡು ಒಂದು ತಾಸು ಅತ್ತ. ಎಷ್ಟೊಂದು ಜೀವ! ಮೂರು ವರ್ಷ ಕಾದದ್ದು ಇದನ್ನು ನೋಡುವುದಕ್ಕೇ?

ನೀರು ಸೊಂಟದ ಮಟ್ಟಕ್ಕೆ ಇಳಿದ ಮೇಲೆ ಕಾಲೆಳೆದುಕೊಂಡು ತಾರಸಿಗೆ ಬಂದ. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಡೀ ನಾಲೆ ಬೀದಿ, ಹಸುಗೂಸಿನಿಂದ ಹಿಡಿದು ಮುದುಕಿಯವರೆಗೆ, ತೊಪ್ಪೆಯಾಗಿ ನೆನೆದು ಅಲ್ಲೇ ಕೂತಿತ್ತು.

"ನೀವು... ನೀವೆಲ್ಲ ಯಾವಾಗ ಬಂದ್ರಿ?"

"ಆಗಲೇ ಸ್ವಾಮಿ. ಟೀವೀಲಿ ಬರ್ಬೋದು, ಬನ್ರೋ ಅಂತ ಟಿಕೆಟ್ ಮಾವ ಕರೆದ್ರಲ್ಲ, ಹಿಂದಿನ ಮೆಟ್ಲು ಹತ್ತಿ ಬಂದ್ವಿ."

ಅವನು ಅಲ್ಲೇ ಕುಸಿದು ಕೂತು ಮತ್ತೊಮ್ಮೆ ಅತ್ತ, ಈ ಸಲ ಸಂತೋಷಕ್ಕೆ. ಅದು ಹೆಚ್ಚು ಹೊತ್ತು ಬಾಳಲಿಲ್ಲ. ಸಂಜೆಯ ಹೊತ್ತಿಗೆ ಮೇಡಂ ದೋಣಿಯಲ್ಲಿ ಬಂದರು.

"ಇಷ್ಟು ಜನರನ್ನ ಮುಂಚೆನೇ ಮೇಲೆ ಹತ್ತಿಸಿದ್ದು ಯಾರು?"

ನೂರು ಬೆರಳುಗಳು ಟಿಕೆಟ್ ಮಾವನನ್ನು ತೋರಿಸಿದವು. ಮೇಡಂ ಅವನ ಕೈ ಕುಲುಕಿದರು. ಆಮೇಲೆ ಗಡಿಯಾರದವನ ಕಡೆ ತಿರುಗಿ, "ಬೆಳಿಗ್ಗೆಯಿಂದ ಒಂದು ಮೋಡ ತೋರ್ಸೋಕೆ ಆಗ್ಲಿಲ್ಲ ನಿಮ್ಮ ಕೈಲಿ. ನಾಳೆಯಿಂದ ಈ ಜಾಗದ ಉಸ್ತುವಾರಿ ಈ ಹಿರಿಯರದ್ದು" ಎಂದು ದೋಣಿ ಹತ್ತಿದರು.

ಟಿಕೆಟ್ ಮಾವ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿದ.

"ಬೇಜಾರ್ ಮಾಡ್ಕೋಬೇಡಪ್ಪ. ಈಗ ಹೇಳು, ಈ ಡಬ್ಬಾನ ಆನ್ ಮಾಡೋದು ಹೇಗೆ?"